ಕೆಂಪದಿನ್ನಿಯ ಪಟದ ಬಾಳವ್ವ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಮ್ಮಜ್ಜಿಯ ಅಜ್ಜಿ ಇನ್ನೂ ಚಿಕ್ಕ ಹುಡುಗಿ, ಪರಕಾರ ಉಟ್ಟು ಓಡಾಡುತ್ತಿದ್ದ ಕಾಲ ಅನ್ನಿ. ಹೊಳೆಯ ಈಚೆ ದಂಡೆಗೆ ಒಂದು ಊರಿತ್ತು, ಕೆಂಪದಿನ್ನಿ ಅಂತ. ಈಗಲೂ ಇದೆ. ಆ ಊರಲ್ಲಿ ಒಬ್ಬ ಹೆಣ್ಣುಮಗಳಿದ್ದಳಂತೆ. ಹೆಸರು ಬಾಳವ್ವ. ಜನ ಕರೆಯುತ್ತಿದ್ದದ್ದು ಪಟದ ಬಾಳವ್ವ ಅಂತ.

ಪಟ ಅಂದರೆ ನೀವೀಗ ಫೋಟೋ ಅನ್ನುತ್ತೀರಲ್ಲ, ಅದೇ. ಆಗ ಅದು ಈಗಿನ ಹಾಗೆ ಬೆರಳು ಒತ್ತಿದರೆ ಆಗುವ ಕೆಲಸವಲ್ಲ. ಬಾಳವ್ವನ ಗಂಡ ಗುರಪ್ಪ ದೂರದ ಪಟ್ಟಣದಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಏಳು ವರ್ಷ ದುಡಿದು ಆ ವಿದ್ಯೆ ಕಲಿತು ಬಂದಿದ್ದನಂತೆ. ಬರುವಾಗ ಮೂರು ಕಾಲಿನ ಮೇಲೆ ನಿಲ್ಲುವ ಒಂದು ಮರದ ಪೆಟ್ಟಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಮನೆಯ ಬಡಗಣ ಖೋಲಿಯ ಚಾವಣಿ ತೆಗೆಸಿ ಗಾಜು ಹಾಕಿಸಿದ, ಬೆಳಕು ಬೀಳಲಿ ಅಂತ. ಅದರ ಮಗ್ಗುಲಿಗೇ ಇನ್ನೊಂದು ಖೋಲಿ, ಅದಕ್ಕೆ ಕಿಟಕಿ ಇಲ್ಲ, ಬಾಗಿಲಿಗೆ ಎರಡು ಕಂಬಳಿ. ಅದು ಕತ್ತಲಖೋಲಿ. ಗುರಪ್ಪ ಹೊರಗೆ ಪಟ ಹಿಡಿಯುವವನು, ಬಾಳವ್ವ ಒಳಗೆ ಕತ್ತಲಲ್ಲಿ ಅದನ್ನು ಏಳಿಸುವವಳು.

ಅವಳು ಒಳಗೇ ಇರುವುದಕ್ಕೆ ಇನ್ನೊಂದು ಕಾರಣವಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಅಮ್ಮ ಬಂದು ಹೋಗಿದ್ದಳು. ಸಿಡುಬು ಅಂತೀರಲ್ಲ, ಅದು. ಜೀವ ಉಳಿಯಿತು, ಮುಖದ ತುಂಬ ಕುಣಿಗಳು ಉಳಿದವು. ಚೆಂದ ಕಾಣಲಿಕ್ಕೆ ಅಂತ ಪಟ ಹಿಡಿಸಲು ಬರುವವರ ಎದುರಿಗೆ ಆ ಮುಖ ಬೇಡ ಅಂತ ಅವಳೇ ಅಂದುಕೊಂಡಿದ್ದಳು.

ಕೆಲಸಕ್ಕೇನೂ ಬರವಿರಲಿಲ್ಲ. ಸೀರೆ ಸಾವಕಾರರು ಹೊಸ ಸೆರಗು ನೇಯಿಸಿದರೆ ಅದರ ಪಟ ಹಿಡಿಸಿ ದೂರದ ಊರಿನ ಅಂಗಡಿಗಳಿಗೆ ಕಳಿಸುತ್ತಿದ್ದರು. ಗರಡಿಯ ಪೈಲವಾನರು ತೊಡೆ ತಟ್ಟಿ ನಿಲ್ಲುತ್ತಿದ್ದರು. ನಾಟಕದ ಕಂಪನಿ ಊರಿಗೆ ಬಂದರೆ ರಾಜ, ರಾಣಿ, ರಾಕ್ಷಸರೆಲ್ಲ ಬಣ್ಣ ಹಚ್ಚಿಕೊಂಡೇ ಸಾಲಾಗಿ ಬರುತ್ತಿದ್ದರು. ಬಂದವರನ್ನು ಕುರ್ಚಿಯಲ್ಲಿ ಕೂಡಿಸಿ, ತಲೆ ಅಲುಗದ ಹಾಗೆ ಹಿಂದಿನಿಂದ ಒಂದು ಕಬ್ಬಿಣದ ಕವಲು ಕೊಟ್ಟು, ಹತ್ತು ಎಣಿಸುವ ತನಕ ರೆಪ್ಪೆ ಬಡಿಯಬೇಡಿ ಅನ್ನುತ್ತಿದ್ದ ಗುರಪ್ಪ. ಆ ಹತ್ತು ಎಣಿಸುವಷ್ಟರಲ್ಲಿ ಎಂಥ ಪೈಲವಾನನ ಬೆನ್ನಲ್ಲೂ ಬೆವರು ಇಳಿಯುತ್ತಿತ್ತು ಅಂತಾರೆ. ಪೆಟ್ಟಿಗೆಯ ಕಣ್ಣು ಆಯುಷ್ಯ ಕುಡಿಯುತ್ತದೆ ಅಂತ ಆಗಲೇ ಒಂದು ಮಾತಿತ್ತು.

ಒಳಗೆ ಬಾಳವ್ವನ ಕೆಲಸ ಬೇರೆ. ಗಾಜಿನ ಮೇಲೆ ಮದ್ದು ಹೊಯ್ದು ಕೊಡಬೇಕು. ಅದು ಆರುವ ಮೊದಲೇ ಗುರಪ್ಪ ಪಟ ಹಿಡಿದು ಗಾಜನ್ನು ಮರಳಿ ಕೊಡಬೇಕು. ಮತ್ತೆ ಮದ್ದು ಹೊಯ್ದರೆ ನಿಧಾನಕ್ಕೆ ಮುಖ ಏಳುತ್ತದೆ. ಆ ಗಾಜಿನಲ್ಲಿ ಎಲ್ಲ ತಿರುವುಮುರುವು. ಬೆಳ್ಳಗಿನ ಮುಖ ಕರ್ರಗೆ, ಕರಿ ಕೂದಲು ಬೆಳ್ಳಗೆ. ಆಮೇಲೆ ಬಿಸಿಲಲ್ಲಿ ಕಾಗದಕ್ಕೆ ಇಳಿಸಿದಾಗ ಎಲ್ಲ ಸರಿಹೋಗುತ್ತದೆ. ಕೆಂಪು ಒಂದು ಮಾತ್ರ ಸರಿಹೋಗುವುದಿಲ್ಲ. ಹಣೆಯ ಕುಂಕುಮ ಕಾಡಿಗೆಯ ಹಾಗೆ ಕರಿ ಬರುತ್ತಿತ್ತು. ಮದುಮಗಳ ಕೆಂಪು ಸೀರೆ ಕರಿ ಬರುತ್ತಿತ್ತು. ಈ ಗಾಜಿಗೆ ಕೆಂಪು ಅಂದರೆ ಆಗುವುದಿಲ್ಲ ಅಂತ ಬಾಳವ್ವ ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದಳಂತೆ.

ಹೀಗಿರುತ್ತ ಒಂದು ಸಲ ನಾಟಕದ ಕಂಪನಿಯ ರಾಣಿ ಪಾತ್ರದವಳು ಬಂದಳು. ತಾನಿಬಾಯಿ ಅಂತ ಹೆಸರು. ಹಾಲಿನಂಥ ಮೈಬಣ್ಣ, ಮುಖದಲ್ಲಿ ಒಂದು ಮಚ್ಚೆಯೂ ಇಲ್ಲ. ಬಾಳವ್ವ ಕತ್ತಲಲ್ಲಿ ಮದ್ದು ಹೊಯ್ದಳು. ಮುಖ ಎದ್ದಿತು. ಆ ಮುಖದ ತುಂಬ ಜರಡಿಯ ತೂತಿನ ಹಾಗೆ ಚುಕ್ಕೆಗಳು. ಗುರಪ್ಪ ಬಂದು ನೋಡಿ ಗಾಜು ಸರಿಯಾಗಿ ತೊಳೆದಿಲ್ಲ ಅಂತ ಹೆಂಡತಿಗೆ ಬೈದ. ಅವಳು ಹೊಸ ಗಾಜು ಬೂದಿ ಹಚ್ಚಿ ತಿಕ್ಕಿ ತೊಳೆದು ಕೊಟ್ಟಳು. ಎರಡನೆಯ ಪಟದಲ್ಲೂ ಅವೇ ಚುಕ್ಕೆಗಳು, ಅದೇ ಜಾಗದಲ್ಲಿ. ಹಣೆಯ ಮೇಲೆ ನಾಲ್ಕು, ಎಡಗೆನ್ನೆಗೆ ಒಂಬತ್ತು. ಮದ್ದೇ ಕೆಟ್ಟಿದೆ ಅಂತ ಗುರಪ್ಪ ತಾನಿಬಾಯಿಯನ್ನು ಕಳಿಸಿಕೊಟ್ಟ. ಮೂರನೆಯ ದಿನಕ್ಕೆ ತಾನಿಬಾಯಿಗೆ ಅಮ್ಮ ಬಂದಳು. ಹಣೆಯ ಮೇಲೆ ಮೊದಲು ಎದ್ದ ಗುಳ್ಳೆಗಳು ನಾಲ್ಕು. ನಾಟಕದ ಡೇರೆಯಲ್ಲೇ ಅವಳು ತೀರಿಕೊಂಡಳು.

ಆ ಚುಕ್ಕೆಗೂ ಈ ಗುಳ್ಳೆಗೂ ಇರುವ ನಂಟು ತಿಳಿದದ್ದು ಬಾಳವ್ವನಿಗೆ ಒಬ್ಬಳಿಗೇ. ಚರ್ಮದ ಅಡಿಯಲ್ಲಿ ಇನ್ನೂ ಅಡಗಿರುವ ಕೆಂಪು ನಮ್ಮ ಕಣ್ಣಿಗೆ ಕಾಣದಿದ್ದರೂ ಗಾಜಿಗೆ ಕಾಣುತ್ತದೆ ಅಂತ ಅವಳಿಗೆ ಹೊಳೆಯಿತು. ಹೊಳೆದ ಗಳಿಗೆಯಿಂದ ಕತ್ತಲಖೋಲಿಗೆ ಕಾಲಿಡಲು ಅವಳು ಅಂಜತೊಡಗಿದಳು. ಯಾರ ಮುಖ ಹೇಗೆ ಏಳುತ್ತದೋ ಅಂತ ಕಣ್ಣು ಮುಚ್ಚಿಕೊಂಡೇ ಮದ್ದು ಹೊಯ್ಯುತ್ತಿದ್ದಳಂತೆ.

ತಿಂಗಳು ಕಳೆದಿರಲಿಲ್ಲ. ಗುರಪ್ಪ ಹೊಸ ಮದ್ದು ತರಿಸಿದ್ದ. ಅದು ಹೇಗೆ ಬರುತ್ತದೆ ನೋಡೋಣ ಅಂತ ತಾನೇ ಹೋಗಿ ಕುರ್ಚಿಯಲ್ಲಿ ಕುಳಿತ. ಎರಡು ದಿನದಿಂದ ಅವನಿಗೆ ಸೊಂಟನೋವು, ತಲೆಭಾರ. ಬಾಳವ್ವ ಎಣಿಸಿದಳು, ಗಾಜನ್ನು ಒಳಗೆ ಒಯ್ದಳು, ಮದ್ದು ಹೊಯ್ದಳು. ಗಂಡನ ಮುಖ ಎದ್ದಿತು. ಹುಬ್ಬಿನ ಮೇಲೆ ಮೂರು ಚುಕ್ಕೆ.

ಹೊರಗಿನಿಂದ ಗುರಪ್ಪ ಹೇಗೆ ಬಂದಿದೆ ಅಂತ ಕೇಳಿದ. ಚಲೋ ಬಂದಿದೆ ಅಂದಳು. ಬಾಯಿಬಿಟ್ಟರೆ ನಿಜವಾಗಿಬಿಡುತ್ತದೆ, ಸುಮ್ಮನಿದ್ದರೆ ಅಮ್ಮ ಹಾಗೇ ಹಾದು ಹೋದಾಳು ಅಂತ ಅವಳ ಎಣಿಕೆ. ಅಂಜಿದ ಜೀವ ಹಾಗೇ ತಾನೇ ಎಣಿಸುವುದು? ಮರುದಿನ ಗುರಪ್ಪ ಪೆಟ್ಟಿಗೆ ಹೇರಿಕೊಂಡು ಪಕ್ಕದ ಊರಿಗೆ ಹೋದ. ಅಲ್ಲಿ ಬಾಳವ್ವನ ತಂಗಿಯನ್ನು ಕೊಟ್ಟ ಮನೆ, ತುಂಬಿದ ಮನೆ, ಹನ್ನೆರಡು ಮಂದಿ. ಎಲ್ಲರನ್ನೂ ಕೂಡಿಸಿ ಪಟ ಹಿಡಿಯುವುದಿತ್ತು. ಅಲ್ಲೇ ಮಲಗಿದವನು ಏಳಲಿಲ್ಲ. ಅವನ ಹಿಂದೆ ಆ ಮನೆಯ ಐದು ಮಂದಿ ಹೋದರು. ಕಡೆಗೆ ಹೋದದ್ದು ತಂಗಿಯ ಎಳೇ ಕೂಸು.

ಆಮೇಲೆ ಬಾಳವ್ವ ಪೆಟ್ಟಿಗೆಯನ್ನು ತಾನೇ ಹಿಡಿದಳು. ಹೊಟ್ಟೆ ಕೇಳಬೇಕಲ್ಲ. ಹೆಣ್ಣುಮಗಳು ಪಟ ಹಿಡಿಯುತ್ತಾಳೆ ಅಂತ ಹೆಂಗಸರು ಪರಗಂಡಸರ ಎದುರಿಗೆ ಬಾರದ ಗೋಷಾದ ಮನೆಗಳಿಂದಲೂ ಕರೆ ಬರತೊಡಗಿತು. ಕರಿಬಟ್ಟೆ ಹೊದ್ದು ಪೆಟ್ಟಿಗೆಯ ಹಿಂದೆ ನಿಂತರೆ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹೀಗೆ ಆರೋ ಏಳೋ ವರ್ಷ. ಅಷ್ಟೂ ವರ್ಷ ಒಂದು ಗಾಜಿನಲ್ಲೂ ಚುಕ್ಕೆ ಏಳಲಿಲ್ಲ. ಆದರೂ ಅವಳ ಅಂಜಿಕೆ ಹೋಗಲಿಲ್ಲ ಅಂತಾರೆ.

ಕೆಂಪದಿನ್ನಿಯ ದೇಸಾಯಿ ದೊಡ್ಡ ಮನುಷ್ಯ. ವಾಡೆ, ಕುದುರೆ, ಆಳುಕಾಳು ಎಲ್ಲ ಇದ್ದವನು. ಅವನಿಗೆ ಅಂಬಕ್ಕ ಅಂತ ಒಬ್ಬಳೇ ಮಗಳು. ಹೊಳೆಯಾಚೆಯ ಮನೆತನಕ್ಕೆ ಕೊಡುವುದು ನಿಶ್ಚಯವಾಗಿತ್ತು. ಮದುವೆಗೆ ಮೂರು ದಿನ ಇದೆ ಅನ್ನುವಾಗ ಮಗಳ ಪಟ ಹಿಡಿಯಬೇಕು ಅಂತ ಬಾಳವ್ವನಿಗೆ ಹೇಳಿ ಕಳಿಸಿದರು. ವಾಡೆಯ ಪಡಸಾಲೆಯಲ್ಲಿ ಪೆಟ್ಟಿಗೆ ನಿಲ್ಲಿಸಿದಳು. ಒಂದು ಸಣ್ಣ ಖೋಲಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡಳು. ಹುಡುಗಿಯ ಗದ್ದ ಎತ್ತಿ ಸರಿಮಾಡುವಾಗ ಮೈ ಕೆಂಡದ ಹಾಗಿತ್ತು.

ಹುಡುಗಿ ಮೆಲ್ಲಗೆ, "ಯಾರ ಮುಂದೂ ಹೇಳಬ್ಯಾಡ್ರಿ, ಮದುವಿ ನಿಂತೀತು," ಅಂದಳು.

ಬಾಳವ್ವ ಪಟ ಹಿಡಿದಳು. ಕಂಬಳಿಯ ಹಿಂದೆ ಹೋಗಿ ಮದ್ದು ಹೊಯ್ದಳು. ಚುಕ್ಕೆಗಳು ಎದ್ದವು. ಇನ್ನೊಂದು ಗಾಜು ಹಿಡಿದಳು. ಮತ್ತೆ ಅವೇ.

ಹಸಿ ಗಾಜು. ಹೆಬ್ಬೆರಳಿನಿಂದ ಒಮ್ಮೆ ಒರೆಸಿದರೆ ಸಾಕು, ಇದ್ದದ್ದೇ ಇಲ್ಲವಾಗುತ್ತದೆ. ಬೆಳಕು ಸರಿ ಇಲ್ಲ, ನಾಳೆ ಬರುತ್ತೇನೆ ಅಂತ ಹೇಳಿ ಮನೆಗೆ ಹೋಗಬಹುದು. ಅವಳ ಹೆಬ್ಬೆರಳು ಗಾಜಿನ ಅಂಚಿನ ತನಕ ಹೋಗಿತ್ತಂತೆ. ಹೊರಗೆ ಅಂಗಳದಲ್ಲಿ ಹಂದರ ಹಾಕುತ್ತಿದ್ದರು. ಇನ್ನು ಮೂರು ದಿನಕ್ಕೆ ಆ ಹಂದರದ ಕೆಳಗೆ ಹದಿನಾಲ್ಕು ಊರಿನ ಜನ ಕೂಡಿ ಉಣ್ಣುತ್ತಾರೆ. ತಂಗಿಯ ಕೂಸಿನ ಮುಖ ಅವಳ ಕಣ್ಣಿಗೆ ಕಟ್ಟಿತು. ಕಂಬಳಿ ಸರಿಸಿ ಹೊರಗೆ ಬಂದಳು.

ದೇಸಾಯಿ, ಅವನ ಹೆಂಡತಿ, ಅವನ ತಾಯಿ ದೊಡ್ಡವ್ವ, ಮೂವರ ಎದುರಿಗೆ ಗಾಜು ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮ ಒಳಗೆ ಬಂದು ಕುಳಿತಿದ್ದಾಳೆ, ಮೂರು ದಿನದಲ್ಲಿ ಹೊರಗೆ ಬರುತ್ತಾಳೆ, ಮದುವೆ ಮುಂದೂಡಿ, ಬರುವ ಜನರನ್ನು ತಡೆಯಿರಿ ಅಂದಳು. ದೇಸಾಯಿ ಮಗಳ ಮುಖ ನೋಡಿದ. ಕನ್ನಡಿಯ ಹಾಗಿತ್ತು. ಬಾಳವ್ವನ ಮುಖ ನೋಡಿದ.

"ನಿನ್ನ ಮಾರಿ ಮ್ಯಾಲಿನ ಕುಣಿ ನನ್ನ ಮಗಳ ಮಾರಿಗೆ ಹಚ್ಚಾಕ ಬಂದೀಯೇನು?" ಅಂದ.

ಯಾರೋ ಆಗದವರು ಈ ಹೆಂಗಸಿಗೆ ಹೇಳಿಕೊಟ್ಟಿದ್ದಾರೆ, ಸಂಬಂಧ ಮುರಿಯಲಿಕ್ಕೆ ಗಾಜಿಗೆ ಚುಕ್ಕೆ ಇಟ್ಟು ತಂದಿದ್ದಾಳೆ ಅಂತ ಅವನ ಸಿಟ್ಟು. ಇವಳನ್ನು ಕಣಜದ ಕೋಣೆಗೆ ಹಾಕಿ, ಮದುವೆಯ ದಿನ ಮಗಳು ಈ ಚೊಕ್ಕ ಮುಖದಲ್ಲೇ ಹಸೆಗೇರಿದರೆ ಗಾಜು ಹಿಡಿದ ಇವಳ ಎರಡೂ ಕೈ ಮಣಿಕಟ್ಟಿಗೆ ಕಡಿಸುತ್ತೇನೆ ಅಂತ ಎಲ್ಲರ ಎದುರಿಗೆ ಅಂದ. ಅವನು ಅಂದದ್ದನ್ನು ಮಾಡುವವನು.

ಕಣಜದ ಕೋಣೆಯಲ್ಲಿ ಜೋಳದ ದೂಳು, ಇಲಿಗಳು, ಗೋಡೆಯ ಮೇಲುಗಡೆ ಅಂಗೈಯಷ್ಟು ಬೆಳಕಿಂಡಿ. ಹೊರಗೆ ಹೆಂಗಸರು ಅರಿಶಿನ ಕುಟ್ಟುವುದು, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುವುದು ಎಲ್ಲ ಕೇಳುತ್ತಿತ್ತು. ಮೊದಲ ದಿನ ಹಾಡು ನಡೆದೇ ಇತ್ತು. ಎರಡನೆಯ ದಿನವೂ ನಡೆದಿತ್ತು. ಬಾಳವ್ವ ಮಡಿಲಲ್ಲಿ ತನ್ನ ಕೈಗಳನ್ನು ಇಟ್ಟುಕೊಂಡು ನೋಡುತ್ತ ಕುಳಿತಳು. ಮದ್ದು ಹತ್ತಿ ಹತ್ತಿ ಉಗುರೆಲ್ಲ ಕರ್ರಗಾದ ಕೈ. ಎರಡನೆಯ ದಿನ ಇಳಿಹೊತ್ತಿಗೆ, ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಅಂತ ಅವಳಿಗೆ ತಟ್ಟನೆ ಅರಿವಾಯಿತಂತೆ. ಆ ಹುಡುಗಿಗೆ ಗುಳ್ಳೆ ಏಳಲಿ, ಬೇಗ ಏಳಲಿ ಅಂತ ಅವಳ ಜೀವ ಬೇಡಿಕೊಳ್ಳುತ್ತಿತ್ತು. ಹದಿನಾರು ವರ್ಷದ ಕೂಸಿಗೆ. ಕೈ ಕಡಿಯುವ ಕತ್ತಿಗಿಂತ ಅದು ಅವಳಿಗೆ ಹೆಚ್ಚು ಭಯವಾಯಿತು. ಗೋಡೆಗೆ ಹಣೆ ಹಚ್ಚಿ, ಬ್ಯಾಡವ್ವ, ಏಳಬ್ಯಾಡ, ನನ್ನ ಕೈ ಹೋದರ ಹೋಗಲಿ ಅಂತ ಅಮ್ಮನಿಗೆ ಹೇಳಿಕೊಂಡಳು. ಮತ್ತೊಂದು ಗಳಿಗೆಗೆ ಮನಸ್ಸು ಹಳೆಯ ಬೇಡಿಕೆಗೇ ಹೊರಳುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಬೀಸುವ ಕಲ್ಲಿನ ಹಾಡು ನಡುವಿನಲ್ಲೇ ನಿಂತಿತು. ಕಲ್ಲೂ ನಿಂತಿತು. ವಾಡೆಯಲ್ಲಿ ಒಂದು ಸಪ್ಪಳ ಇಲ್ಲ.

ಬಾಗಿಲು ತೆರೆದು ಬಂದವಳು ದೊಡ್ಡವ್ವ. ಎಂಬತ್ತರ ಮುದುಕಿ. ಹೊಸ್ತಿಲ ಮೇಲೇ ಕುಳಿತು, "ಅಮ್ಮ ಬಂದಾಳವ್ವ," ಅಂದಳು.

ಅವಳ ಹಿಂದೆಯೇ ದೇಸಾಯಿ ಬಂದ. ಕೈಯಲ್ಲಿ ಕತ್ತಿ ಇತ್ತು ಅಂತ ಕೆಲವರು, ಬಡಿಗೆ ಇತ್ತು ಅಂತ ಕೆಲವರು. ಈಗ ಅವನ ಮಾತು ಬೇರೆ. ನೀನು ಬರೀ ನೋಡಲಿಲ್ಲ, ನಿನ್ನ ಪೆಟ್ಟಿಗೆಯೇ ಅಮ್ಮನನ್ನು ನನ್ನ ಮಗಳ ಮೈಗೆ ಹೊಗಿಸಿತು ಅಂತ ಕೂಗಿದ. ದೊಡ್ಡವ್ವ ಹೊಸ್ತಿಲು ಬಿಟ್ಟು ಏಳಲಿಲ್ಲ. ನನ್ನನ್ನು ದಾಟಿ ಹೋಗು ಅಂದಳು ಮಗನಿಗೆ. ಹೆತ್ತವಳನ್ನು ದಾಟುವುದು ಹೇಗೆ? ಅವನು ನಿಂತ.

ಆಗ ಬಾಳವ್ವ ಎದ್ದು ನಿಂತಳಂತೆ.

"ದೇಸಾಯರ, ನನ್ನ ಗಂಡನ ಮಾರಿ ಮ್ಯಾಲೂ ಇವನ್ನ ಕಂಡಿದ್ದೆ. ಅಂಜಿ ಬಾಯಿ ತೆರೀಲಿಲ್ಲ. ಆರು ಹೆಣ ಬಿದ್ವು. ನಾ ಸುಮ್ಮನಿದ್ದದ್ದಕ್ಕ ಬಿದ್ವು. ಇವತ್ತ ನನ್ನ ಕಡೀರಿ, ಆದ್ರ ಮೊದಲ ಹೊಳಿ ದಂಡಿಗೆ ಹೋಗಿ ಬರೋ ಬೀಗರನ್ನ ಹೊಳ್ಳಿಸ್ರಿ."

ಅಷ್ಟರಲ್ಲಿ ಹೊಳೆಯಾಚೆ ಬೀಗರ ಚಕ್ಕಡಿಗಳು ಬಂದು ನಿಂತಿದ್ದವು. ಹರಿಗೋಲು ಹತ್ತಲು ಹೆಂಗಸರು ಮಕ್ಕಳು ನೀರಿಗೆ ಇಳಿದಿದ್ದರು. ವಾಲಗದ ದನಿ ವಾಡೆಯ ತನಕ ಕೇಳುತ್ತಿತ್ತು. ದೇಸಾಯಿ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ತಲೆಗೆ ರುಮಾಲು ಕೂಡ ಸುತ್ತದೆ ಬರಿತಲೆಯಲ್ಲಿ ಹೊಳೆಯ ದಂಡೆಗೆ ನಡೆದ. ಬೀಗರಿಗೆ ಈಚೆಯಿಂದಲೇ ಕೈ ಮುಗಿದು ಹೊಳ್ಳಿಹೋಗಿ ಅಂದ. ದೇಸಾಯರ ಮನೆತನದವರು ಕರೆದ ನೆಂಟರನ್ನು ಹಾಗೆ ಕಳಿಸಿದ್ದು ಅದೇ ಮೊದಲು.

ಊರ ಹೊರಗಿನ ದಿಬ್ಬ, ಬೋರೆ ಅಂತೀವಲ್ಲ, ಅದರ ಮೇಲೆ ಗುಡಿಸಲು ಹಾಕಿಸಿದರು. ಅಂಬಕ್ಕನನ್ನು ಅಲ್ಲಿಗೆ ಒಯ್ದರು. ವಾಡೆಗೆ ಬಂದುಹೋದವರು ಎಷ್ಟು ಮಂದಿ, ಯಾರ ಮೈಯಲ್ಲಿ ಅಮ್ಮ ಕುಳಿತಿದ್ದಾಳೆ ಯಾರಿಗೆ ಗೊತ್ತು? ದಿನ ಬಿಟ್ಟು ದಿನ ಎಲ್ಲರೂ ಪಟಕ್ಕೆ ಕೂಡಬೇಕು, ಚುಕ್ಕೆ ಎದ್ದವರು ಬೋರೆಗೆ ಹೋಗಬೇಕು ಅಂತ ದೇಸಾಯಿ ಡಂಗುರ ಸಾರಿಸಿದ. ಒಬ್ಬರೂ ಬರಲಿಲ್ಲ. ಸಿಡುಬಿಗಿಂತ ಪೆಟ್ಟಿಗೆಗೇ ಹೆಚ್ಚು ಅಂಜಿದರು. ಕೆಲವರು ಮಕ್ಕಳನ್ನು ಜೋಳದ ಕಣಿಕೆಯ ಬಣವೆಯಲ್ಲಿ ಅಡಗಿಸಿಟ್ಟರು. ಆಗ ದೊಡ್ಡವ್ವ ತಾನೇ ಹೋಗಿ ಎಲ್ಲರ ಎದುರಿಗೆ ಕುರ್ಚಿಯಲ್ಲಿ ಕುಳಿತಳು. ಅವಳಿಗೆ ಎಂದೋ ಅಮ್ಮ ಬಂದು ಹೋಗಿದ್ದಳು, ಪಟದ ಜರೂರೇ ಇರಲಿಲ್ಲ. ಜನರ ಅಂಜಿಕೆ ಬಿಡಿಸಲು ಕುಳಿತದ್ದು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು.

ಬಾಳವ್ವ ಯಾರ ಚುಕ್ಕೆಯನ್ನೂ ಮಂದಿಯ ನಡುವೆ ಹೇಳುತ್ತಿರಲಿಲ್ಲ. ಒಳಗಿನಿಂದ ಬಂದು, ಆ ಮನುಷ್ಯನನ್ನು ಮಗ್ಗುಲಿಗೆ ಕರೆದು ಕೂಡಿಸಿ, ಕೈಹಿಡಿದು, ಮುಖ ನೋಡಿ ಮೆಲ್ಲಗೆ ಹೇಳುತ್ತಿದ್ದಳು. ಅವಳು ಕಂಬಳಿ ಸರಿಸಿ ಹೊರಗೆ ಬರುವಾಗ ಅಂಗಳದ ಜನ ಅವಳ ಕಣ್ಣನ್ನೇ ನೋಡುತ್ತಿದ್ದರು. ಅದು ಯಾರ ಕಡೆ ತಿರುಗುತ್ತದೋ ಅವರು ಪಕ್ಕದವರ ಹಿಂದೆ ಸರಿಯುತ್ತಿದ್ದರು. ಹೇಳಿಸಿಕೊಂಡವರಲ್ಲಿ ಕೆಲವರು ಅವಳ ಮುಖಕ್ಕೆ ಉಗಿದರು. ಒಬ್ಬ ಅಂಗಡಿಯವನು ಕಪಾಳಕ್ಕೆ ಹೊಡೆದ. ಬಹಳ ಮಂದಿ ಆ ಗಾಜನ್ನು ಕಸಿದು ಕಲ್ಲಿಗೆ ಅಪ್ಪಳಿಸಿದರು, ಗಾಜು ಒಡೆದರೆ ಬೇನೆಯೂ ಒಡೆದೀತು ಅಂತ. ಚೊಕ್ಕ ಬಂದವರು ಆ ಗಾಜೇ ತಮಗೆ ತಾಯಿತ ಅಂತ ಮನೆಗೆ ಒಯ್ದರು. ಎಲ್ಲ ಸೇರಿ ಏಳುನೂರು ಮಂದಿಯ ಪಟ ಹಿಡಿದಳು ಅಂತಾರೆ. ನಮ್ಮಜ್ಜಿ ಮಾತ್ರ ಅಷ್ಟೆಲ್ಲ ಇಲ್ಲ, ಇನ್ನೂರು ಇದ್ದೀತು ಅನ್ನುತ್ತಿದ್ದಳು.

ಗಾಜು ತೀರುತ್ತ ಬಂತು. ಬಾಳವ್ವ ಮನೆಯಲ್ಲಿದ್ದ ಹಳೆಯ ಪಟದ ಗಾಜುಗಳನ್ನು ತಂದು ಕೆರೆದಳು. ಪೈಲವಾನರನ್ನು ಕೆರೆದಳು, ಸೀರೆಯ ಸೆರಗುಗಳನ್ನು ಕೆರೆದಳು. ಕಡೆಗೆ ಒಂದೇ ಗಾಜು ಉಳಿಯಿತು. ಗುರಪ್ಪನದು, ಹುಬ್ಬಿನ ಮೇಲೆ ಮೂರು ಚುಕ್ಕೆ ಇದ್ದದ್ದು. ಅವನ ಮುಖ ಅಂತ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ.

ಅಂಬಕ್ಕ ಬೋರೆಗೆ ಹೋದ ಹದಿನೇಳನೆಯ ದಿನ ದೇಸಾಯಿ ಬಂದು ಕುರ್ಚಿಯಲ್ಲಿ ಕುಳಿತ. ದಿನಾ ಬೋರೆಗೆ ಹೋಗಿ ಮಗಳನ್ನು ದೂರದಿಂದ ನೋಡಿ ಬರುತ್ತಿದ್ದ. ದೂರದಿಂದ ಅಂತ ಅವನು ಹೇಳುತ್ತಿದ್ದದ್ದು. ಹತ್ತಿರ ಹೋಗಿ ನೀರು ಕುಡಿಸಿ ಬರುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಅವನನ್ನು ಕೂಡಿಸಿ ಬಾಳವ್ವ ಒಳಗೆ ಹೋದಳು. ಗಂಡನ ಗಾಜು ಕೈಗೆ ತೆಗೆದುಕೊಂಡಳು. ಒಮ್ಮೆ ಅದನ್ನು ಕೆನ್ನೆಗೆ ಒತ್ತಿಕೊಂಡಳಂತೆ. ಆಮೇಲೆ ಬೂದಿ ಹಚ್ಚಿ ತಿಕ್ಕಿದಳು. ಹೊರಗೆ ಕುಳಿತವರಿಗೆ ತಿಕ್ಕುವ ಸಪ್ಪಳ ಕೇಳುತ್ತಿತ್ತು. ಎಂದಿಗಿಂತ ಬಹಳ ಹೊತ್ತು ಕೇಳಿತು.

ಆ ಗಾಜಿನ ಮೇಲೆ ದೇಸಾಯಿಯ ಮುಖ ಎದ್ದಿತು. ಬಾಳವ್ವ ಹೊರಗೆ ಬಂದಳು. ಕೈ ಕಡಿಸುತ್ತೇನೆ ಅಂದವನ ಎದುರಿಗೆ ಕುಳಿತು, ಅವನ ಕೈ ಹಿಡಿದಳು.

"ಹೇಳವ್ವ," ಅಂದ ದೇಸಾಯಿ.

ಅವಳು ಹೇಳಿದಳು. ಅವನು ಗಾಜು ಒಡೆಯಲಿಲ್ಲ. ಎದ್ದು, ತಾಯಿಗೆ ದೂರದಿಂದ ನೆಲಮುಟ್ಟಿ ನಮಸ್ಕಾರ ಮಾಡಿ, ತನ್ನ ಕಾಲಮೇಲೆ ತಾನೇ ಬೋರೆಗೆ ನಡೆದುಹೋದ. ಅವನ ಹಿಂದೆ ಬಾಳವ್ವನೂ ಹೋದಳು. ಗಾಜು ಮುಗಿದಿತ್ತು, ಅವಳಿಗೆ ಎರಡನೆಯ ಸಲ ಅಮ್ಮ ಬರುವಂತಿರಲಿಲ್ಲ. ಗುಡಿಸಲಲ್ಲಿ ಮಲಗಿದ್ದ ಮೂವತ್ತೊಂದು ಮಂದಿಗೆ ನಲವತ್ತು ದಿನ ಗಂಜಿ ಕುಡಿಸಿದಳು, ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕಿದಳು. ಹದಿನೆಂಟು ಮಂದಿ ಉಳಿದರು. ಅವರಲ್ಲಿ ಅಂಬಕ್ಕ ಒಬ್ಬಳು. ದೇಸಾಯಿ ಉಳಿಯಲಿಲ್ಲ. ಹೊಳೆಯಾಚೆಯ ಹದಿನಾಲ್ಕು ಊರಿನಲ್ಲಿ ಆ ವರ್ಷ ಒಂದು ಹೆಣವೂ ಬೀಳಲಿಲ್ಲ ಅಂತಾರೆ.

ದೇಸಾಯಿ ಹೋಗುವ ಮೊದಲು ಊರ ಹಿರಿಯರನ್ನು ಕರೆಸಿ, ದೂರ ನಿಲ್ಲಿಸಿ ಒಂದು ಮಾತು ಹೇಳಿದನಂತೆ. ಕೆಟ್ಟ ಸುದ್ದಿ ತಂದವರ ಮೇಲೆ ಈ ಊರಲ್ಲಿ ಯಾರೂ ಕೈ ಎತ್ತಬಾರದು. ಮೊದಲು ಅವರನ್ನು ಕೂಡಿಸಿ, ನೀರು ಕೊಡಿ. ಅವರ ಎದೆಯೂ ಒಣಗಿರುತ್ತದೆ.

ಅಂಬಕ್ಕನ ಮದುವೆ ಆಗಲಿಲ್ಲ. ಕುಣಿಬಿದ್ದ ಮುಖ ಹೊತ್ತು ಅವಳು ಬಾಳವ್ವನ ಹತ್ತಿರವೇ ಪಟದ ಕೆಲಸ ಕಲಿತಳು. ಇಬ್ಬರೂ ಕೂಡಿ ಬಹಳ ವರ್ಷ ಆ ಸುತ್ತಿನ ಮದುವೆ ಮುಂಜಿಗಳ ಪಟವೆಲ್ಲ ಹಿಡಿದರು. ಬಾಳವ್ವ ಮುದುಕಿಯಾಗಿ, ಒಂದು ದಿನ ಮಧ್ಯಾಹ್ನ ಉಂಡು ಮಲಗಿದವಳು ಹಾಗೇ ಹೋದಳಂತೆ. ಅವಳ ಪಟ ಮಾತ್ರ ಎಲ್ಲೂ ಇಲ್ಲ. ಯಾರೂ ಹಿಡಿದಿರಲಿಲ್ಲ.

ಈಗಲೂ ಕೆಂಪದಿನ್ನಿಯಲ್ಲಿ ಸಾವಿನ ಸುದ್ದಿ ತಂದವರಿಗೆ, ಬೆಳೆ ಹೋಯಿತು ಅಂತ ಹೇಳಲು ಬಂದವರಿಗೆ, ಸಂಬಂಧ ಬೇಡ ಅನ್ನಲು ಬಂದವರಿಗೆ ಸಹ, ಏನು ಎತ್ತ ಅಂತ ಕೇಳುವ ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಡುತ್ತಾರೆ. ಅದಕ್ಕೆ ಬಾಳವ್ವನ ನೀರು ಅಂತ ಹೆಸರು. ಮೊನ್ನೆ ಮೊನ್ನೆ ಆ ಊರಿನ ಒಬ್ಬ ಮುದುಕ ಜಿಲ್ಲೆಯ ಆಸ್ಪತ್ರೆಗೆ ಹೋಗಿದ್ದ. ಅವನ ಹೊಟ್ಟೆಯ ಫೋಟೋ ತೆಗೆದಿದ್ದರು. ಎಳೇ ವಯಸ್ಸಿನ ಡಾಕ್ಟರಮ್ಮ ಫೋಟೋ ಹಿಡಿದುಕೊಂಡು ಬಂದು, ಎದುರಿಗೆ ನಿಂತು, ಹೇಗೆ ಹೇಳುವುದು ಅಂತ ತಡವರಿಸುತ್ತಿದ್ದಳು. ಮುದುಕ ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು ಅವಳ ಕೈಗೆ ಕೊಟ್ಟ.

"ಕೂಡವ್ವ ತಂಗಿ," ಅಂದ. "ಮೊದಲ ನೀ ನೀರ ಕುಡಿ."